ಬದುಕಿದ್ದವರ ವಾರಸುದಾರರು

ವೆನಿಸ್, ನವೆಂಬರ್ ೫, ೧೫೮೬

ಮನೆಯಲ್ಲಿ ಎಲ್ಲಿ ನೋಡಿದರೂ ಜ್ವರ. ಮಹಡಿಯ ಮೇಲೆ ಮಾವ ಬೋರ್ತೊಲೊ ರಿಚ್ಚೊ ಅವರಿಗೆ ಜ್ವರ. ಕೆಳಗೆ ಅವರ ಅಚ್ಚುಕೂಟದಲ್ಲಿ ಒಣಗಲು ನೇತುಹಾಕಿದ ಹಾಳೆಗಳ ತುಂಬ ಜ್ವರ. ಪಾದುವಾದ ವೈದ್ಯ ಪಂಡೊಲ್ಫೊ ಜ್ವರಗಳ ಮೇಲೆ ಬರೆದ ದಪ್ಪ ಪುಸ್ತಕ ನಮ್ಮಲ್ಲಿ ಅಚ್ಚಾಗುತ್ತಿದೆ. ಅದರ ಕರಡು ತಿದ್ದಿ ತಿದ್ದಿ ನಾನು ಕರಡಿಯಾಗಿದ್ದೇನೆ ಎಂದು ಹೆಂಡತಿ ಕಮಿಲ್ಲಾ ಹೇಳುತ್ತಾಳೆ. ತಂದೆಯ ಹಾಸಿಗೆಯ ಬಳಿ ಕೂತು ಕೂತು ಅವಳ ಮೂತಿಯೂ ಸಪ್ಪಗಾಗಿದೆ ಎಂದು ನಾನು ಹೇಳುವುದಿಲ್ಲ. ಓದಿದವನಿಗೆ ಅಷ್ಟು ಬುದ್ಧಿ ಇದೆ.

ಉಳಿದಿರುವುದು ಮೊದಲ ಹಾಳೆ ಮಾತ್ರ. ನಮ್ಮ ಕಸುಬಿನಲ್ಲಿ ಮೊದಲ ಹಾಳೆ ಕೊನೆಗೆ ಅಚ್ಚಾಗುತ್ತದೆ. ಮೈಯೆಲ್ಲ ಬೆಳೆದ ಮಗುವಿಗೆ ಆಮೇಲೆ ಮುಖ ಅಂಟಿಸಿದ ಹಾಗೆ. ಆ ಮುಖದ ಗಲ್ಲದ ಮೇಲೆ, ತೀರ ಕೆಳಗೆ, ಊರು, ವರ್ಷ, ಹೆಸರು ಹೇಳುವ ಅಡಿಸಾಲು. ಇಡೀ ಪುಸ್ತಕದಲ್ಲಿ ಯಾರೂ ಓದದ ಸಾಲು ಅದು. ಎಲ್ಲರೂ ಜಗಳಾಡುವ ಸಾಲೂ ಅದೇ.

ಅಚ್ಚು ಹಾಕುವವನೊಬ್ಬ, ಕಾಗದಕ್ಕೆ ದುಡ್ಡು ಹಾಕುವವನೊಬ್ಬ, ಅಂಗಡಿಯಲ್ಲಿಟ್ಟು ಮಾರುವವನೊಬ್ಬ. ಒಂದೇ ಕಂಬಳಿಯಡಿ ಮೂವರು ಮಲಗಿದರೆ ಯಾರಾದರೊಬ್ಬರ ಕಾಲು ಹೊರಗೆ. ಈ ಪುಸ್ತಕಕ್ಕೆ ಎರಡನೆಯವನೂ ಮೂರನೆಯವನೂ ಮೆಸ್ಸರ್ ಫಂತಿನ್ ಒಬ್ಬನೇ. ಮೆರ್ಚೆರಿಯಾ ಬೀದಿಯಲ್ಲಿ ಅಂಜೂರದ ಗುರುತಿನ ಅಂಗಡಿ ಅವನದು. ಒಬ್ಬನೇ ಆದರೂ ಇಬ್ಬರಷ್ಟು ಜಾಗ ಕೇಳುತ್ತಾನೆ. ಇಂದು ಬಂದು ಕರಡಚ್ಚನ್ನು ಮೂಗಿಗೆ ಹಿಡಿದ.

"ವೆಟ್ಟೋರ್, ಇದರಲ್ಲಿ ನನ್ನ ಹೆಸರೆಲ್ಲಿ?"

"ಇಲ್ಲೇ ಇದೆಯಲ್ಲ ಮೆಸ್ಸರ್, ಎರಡನೇ ಸಾಲಲ್ಲಿ."

"ಓ, ಇದು ಹೆಸರಾ? ಸೊಳ್ಳೆ ಕೂತಿದೆ ಅಂದ್ಕೊಂಡೆ. ಅಂಜೂರ ಎಲ್ಲಿ? ಜನ ಪುಸ್ತಕ ಬೇಕು ಅಂದ್ರೆ ಎಲ್ಲಿಗೆ ಬರ್ಬೇಕು, ನಿಮ್ಮ ಮುಳ್ಳುಹಂದಿ ಹತ್ರಾನಾ?"

ಮುಳ್ಳುಹಂದಿ ನಮ್ಮ ಗುರುತು. ಬಾಗಿಲ ಮೇಲೂ ಇದೆ, ಪ್ರತಿ ಪುಸ್ತಕದ ಮುಖಪುಟದ ನಡುವೆಯೂ ಇದೆ. ಮುಳ್ಳುಹಂದಿಗೆ ಜಾಗವಿದೆ, ಅಂಜೂರಕ್ಕೆ ಜಾಗವಿದೆ. ಲ್ಯಾಟಿನ್ ತಪ್ಪುಗಳನ್ನೆಲ್ಲ ಹೆಕ್ಕಿದ ನನ್ನ ಹೆಸರಿಗೆ ಇಷ್ಟು ವರ್ಷವಾದರೂ ಎಲ್ಲೂ ಜಾಗವಿಲ್ಲ. ಒಮ್ಮೆ ಮಾವನನ್ನು ಕೇಳಿದ್ದೆ. "ಹೇನು ಹೆಕ್ಕಿದವಳ ಹೆಸರನ್ನ ತಲೆ ಮೇಲೆ ಬರೆಯೋ ಪದ್ಧತಿ ಇಲ್ಲ, ಅಳಿಯಂದ್ರೇ" ಎಂದಿದ್ದರು.

ಅವರ ಉಯಿಲಿನಲ್ಲಿ ಅಚ್ಚುಕೂಟ ಕಮಿಲ್ಲಾಳಿಗೂ ನನಗೂ ಇದೆ. ಆದರೆ ಸಿಟ್ಟು ಬಂದಾಗಲೆಲ್ಲ "ವಿಚೆಂಜಾದಲ್ಲಿ ನನ್ನ ತಮ್ಮನ ಮಗ ಇದಾನೆ, ನೆನಪಿರ್ಲಿ" ಎನ್ನುತ್ತಾರೆ. ಉಯಿಲು ಬದಲಿಸುವುದು ಅವರಿಗೆ ಅಂಗಿ ಬದಲಿಸಿದಷ್ಟೇ ಸುಲಭ. ಅಂಗಿಯನ್ನಾದರೂ ಅಪರೂಪಕ್ಕೆ ಬದಲಿಸುತ್ತಾರೆ.

ನವೆಂಬರ್ ೯

ವೈದ್ಯ ಪಂಡೊಲ್ಫೊ ತನ್ನ ಪುಸ್ತಕ ಎಲ್ಲಿಗೆ ಬಂತು ಎಂದು ನೋಡಲು ಬಂದವನು ಮಾವನನ್ನೂ ನೋಡಿದ. ಪುಸ್ತಕವನ್ನೇ ಹೆಚ್ಚು ಹೊತ್ತು ನೋಡಿದ. ಆಮೇಲೆ ಮಾವನ ಕೈ ಹಿಡಿದು ಕಣ್ಣು ಮುಚ್ಚಿದ.

"ನಾಡಿ ಇರುವೆ ಹರಿದ ಹಾಗಿದೆ. ಈ ವಾರ ದಾಟೋದಿಲ್ಲ. ನನ್ನ ಪುಸ್ತಕದ ಮೂರನೇ ಭಾಗದಲ್ಲಿ ಎಲ್ಲ ಬರ್ದಿದೀನಿ."

ಮೂರನೇ ಭಾಗ ತಿದ್ದಿದವನು ನಾನೇ. ಇರುವೆ ನಾಡಿಯವರು ಯಾರೂ ಅದರಲ್ಲಿ ಬದುಕಿಲ್ಲ.

ಮಧ್ಯಾಹ್ನ ಪಾದ್ರಿಗಳು ಬಂದು ಸಾಯುವವರಿಗೆ ಹಚ್ಚುವ ಪವಿತ್ರ ಎಣ್ಣೆ ಹಚ್ಚಿ ಹೋದರು. ಅವರ ಬೆನ್ನಿಗೇ ಫಂತಿನ್ ಬಂದ. ಇಬ್ಬರೂ ಒಂದೇ ದೋಣಿಯಲ್ಲಿ ಬಂದು ಬಾಡಿಗೆ ಉಳಿಸಿದರೋ ಏನೋ.

"ಪಾದ್ರಿಗಳ ಕೆಲಸ ಆಯ್ತು, ಈಗ ನಮ್ಮ ಕೆಲಸ" ಎಂದ ಫಂತಿನ್. "ಪುಸ್ತಕ ಊರೂರು ತಲುಪೋ ಹೊತ್ತಿಗೆ ಮೆಸ್ಸರ್ ಬೋರ್ತೊಲೊ ದೇವರ ಹತ್ರ ಇರ್ತಾರೆ. ಅಡಿಸಾಲಲ್ಲಿ ಅವರ ಹೆಸರಷ್ಟೇ ಇದ್ರೆ ಜನ ಏನಂತಾರೆ? ಮುಳ್ಳುಹಂದಿ ಸತ್ತಿತು, ಬಾಗಿಲು ಮುಚ್ಚಿತು ಅಂತಾರೆ. 'ಬೋರ್ತೊಲೊ ರಿಚ್ಚೊ ಅವರ ವಾರಸುದಾರರ ಅಚ್ಚುಕೂಟದಲ್ಲಿ' ಅಂತ ಹಾಕಿ. ಅಂಗಡಿ ನಡೀತಿದೆ ಅಂತ ಗೊತ್ತಾಗುತ್ತೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

"ಅವರಿಗೆ ಇನ್ನೂ ಉಸಿರಿದೆ."

"ಶಾಯಿ ಒಣಗೋವರೆಗೂ ಇರುತ್ತಾ? ಅದನ್ನ ಹೇಳಿ."

ಒಪ್ಪಲೇಬೇಕು, ಊರಿನ ಪದ್ಧತಿ ಅವನು ಹೇಳಿದ ಹಾಗೇ ಇದೆ. ಯಜಮಾನ ಹೋದ ಮೇಲೆ ಮನೆಯವರು ವಾರಸುದಾರರೆಂದು ಅಚ್ಚು ಹಾಕಿಕೊಂಡು ಅದೇ ಗುರುತಿನಲ್ಲಿ ಮುಂದುವರಿಯುತ್ತಾರೆ. ನಾನು ಮಾಡುವುದು ಅದನ್ನೇ, ಒಂದೆರಡು ದಿನ ಮುಂಚೆ.

ಕಮಿಲ್ಲಾ ಮೆಟ್ಟಿಲ ಮೇಲಿಂದ ಎಲ್ಲ ಕೇಳಿಸಿಕೊಂಡಿದ್ದಳು. "ನಮ್ಮಪ್ಪ ಮೇಲೆ ನೀರು ಕೇಳ್ತಿದಾರೆ, ನೀವು ಕೆಳಗೆ ಮಣ್ಣು ಹಾಕ್ತಿದೀರಿ."

"ಮಣ್ಣಲ್ಲ, ಶಾಯಿ."

ನಗಲಿಲ್ಲ. ಈ ಮನೆಯಲ್ಲಿ ನನ್ನ ಮಾತಿಗೆ ನಗುತ್ತಿದ್ದವರು ಮಾವ ಒಬ್ಬರೇ, ಅದೂ ನನ್ನನ್ನು ನೋಡಿ.

ಇಲ್ಲಿ ಬರೆದುಕೊಳ್ಳಲು ಅಡ್ಡಿಯಿಲ್ಲ: ವಾರಸುದಾರರು ಎಂಬುದು ಬಹುವಚನ. ಹೆಸರಿಲ್ಲದಿದ್ದರೂ ಆ ಬಹುವಚನದ ಮೂಲೆಯಲ್ಲಿ ನನಗೊಂದು ಕುರ್ಚಿ ಇದೆ.

ನವೆಂಬರ್ ೧೧, ಸಂತ ಮಾರ್ಟಿನನ ಹಬ್ಬ

ಬೀದಿಯ ತುಂಬ ಮಕ್ಕಳು ಪಾತ್ರೆ ಬಡಿಯುತ್ತಿದ್ದಾರೆ. ತಲೆ ಸಿಡಿಯುತ್ತಿದೆ.

ಅಚ್ಚಿನ ಮೊಳೆ ಜೋಡಿಸುವ ಗಾಸ್ಪಾರೊ ಕೈಯಲ್ಲಿ ಅಕ್ಷರ ಹಿಡಿದುಕೊಂಡು ನಿಂತೇ ಇದ್ದ.

"ಮೆಸ್ಸರ್ ವೆಟ್ಟೋರ್, ಯಜಮಾನರ ಕೆಮ್ಮು ಇಲ್ಲಿಗೇ ಕೇಳ್ತಿದೆ."

"ಅದಕ್ಕೇ ಬೇಗ ಜೋಡಿಸು."

"ಸತ್ತವರ ಕೆಮ್ಮು ಕೇಳ್ತಾ ಮೊಳೆ ಜೋಡ್ಸೋದು ನನಗೆ ಇದೇ ಮೊದಲು."

ಜೋಡಿಸಿದ. ಸಂಜೆಯೊಳಗೆ ಅಷ್ಟೂ ಹಾಳೆ ಅಚ್ಚಾಯಿತು. ವಾರಸುದಾರರು ಎಂಬ ಪದ ದಪ್ಪ ಅಕ್ಷರದಲ್ಲಿ ಅಂದವಾಗಿ ಬಂದಿದೆ. ಒಂದು ಹಾಳೆಯನ್ನು ಬೆಳಕಿಗೆ ಹಿಡಿದು ಸ್ವಲ್ಪ ಹೆಚ್ಚೇ ಹೊತ್ತು ನೋಡಿದೆ.

ನವೆಂಬರ್ ೧೫

ಬೆಳಿಗ್ಗೆ ಫಂತಿನ್ ಅರ್ಧ ಪುಸ್ತಕಗಳನ್ನು ದೋಣಿಗೆ ಹಾಕಿಸಿ ಪಾದುವಾಕ್ಕೆ ಕಳಿಸಿದ.

ಮಧ್ಯಾಹ್ನ ಮಾವ ಎದ್ದು ಕೂತು ಸಾರು ಕೇಳಿದರು.

ಕುಡಿದು, ಉಪ್ಪು ಕಡಿಮೆ ಎಂದರು. ಪಂಡೊಲ್ಫೊನ ಪುಸ್ತಕದಲ್ಲಿ ಇಲ್ಲದಿದ್ದರೂ ಇಷ್ಟು ವೈದ್ಯ ನನಗೂ ಗೊತ್ತು: ಸಾಯುವವರು ಉಪ್ಪಿನ ಬಗ್ಗೆ ತಕರಾರು ಮಾಡುವುದಿಲ್ಲ. ಕಮಿಲ್ಲಾ ಅತ್ತಳು, ನಕ್ಕಳು, ಆಮೇಲೆ ನನ್ನ ಕಡೆ ತಿರುಗಿ ನೋಡಿದಳು. ಆ ನೋಟವನ್ನು ಯಾವ ಅಕ್ಷರದಲ್ಲಿ ಜೋಡಿಸಬೇಕೋ ನನಗೆ ತಿಳಿಯದು. ತೀರ ದಪ್ಪ ಅಕ್ಷರವೇ ಬೇಕು.

ಮಾವ ಅಳಿಯುವುದನ್ನು ಕಾಯುವವನಿಗೇ ಅಳಿಯ ಎನ್ನುತ್ತಾರೇನೋ. ನಾನು ಕಾಯಲೂ ಇಲ್ಲ.

ನವೆಂಬರ್ ೧೮

ದಿನವಿಡೀ ಸುಳ್ಳು ಹೇಳಿ ಬಾಯಿ ಒಣಗಿದೆ. ಮಾವ ಇನ್ನೂ ಮೆಟ್ಟಿಲಿಳಿಯಲಾರರು, ಆದರೆ ನಾಲಗೆ ಇಳಿದು ಬರುತ್ತದೆ.

"ಜ್ವರದ ಪುಸ್ತಕ ಮುಗೀತಾ?"

"ಇನ್ನೇನು ಮುಗೀತು ಮಾವ."

"ಮೊದಲ ಹಾಳೆ ತಂದು ತೋರ್ಸಿ."

"ಶಾಯಿ ಒಣಗಿಲ್ಲ."

"ಎಂಥ ಶಾಯಿ ತಂದ್ರಿ, ಆಲಿವ್ ಎಣ್ಣೇಲಿ ಕಲಸಿದ್ದಾ? ನಿನ್ನೇನೂ ಒಣಗಿರ್ಲಿಲ್ಲ."

ಹಳೆಯ ಪುಸ್ತಕದ ಮುಖಪುಟವೊಂದನ್ನು ತೋರಿಸಿ ದಾಟಿಕೊಳ್ಳೋಣವೆಂದು ಯೋಚಿಸಿದೆ. ಆದರೆ ಅವರು ಒಂದು ಹಾಳೆಯನ್ನು ಮುಟ್ಟಿಯೇ ಯಾವ ವರ್ಷ ಒತ್ತಿದ್ದು ಎಂದು ಹೇಳುವ ಮನುಷ್ಯ.

ಕೆಳಗೆ ಉಳಿದಿರುವ ಪುಸ್ತಕಗಳಿಗಾದರೂ ಆ ಹಾಳೆ ಕಿತ್ತು ಬೇರೆ ಹಾಕೋಣ ಎಂದು ಫಂತಿನ್‌ನನ್ನು ಬೇಡಿಕೊಂಡೆ. "ನನ್ನ ಅಂಜೂರ ಸರಿಯಾಗಿದೆ. ನಿಮ್ಮ ಮುಳ್ಳು ನೀವೇ ತೆಗ್ಕೊಳ್ಳಿ" ಎಂದ.

ಪಂಡೊಲ್ಫೊ ಬಂದಿದ್ದ. ಮಾವ ಕೂತು ಈರುಳ್ಳಿಯಲ್ಲಿ ಹುರಿದ ಯಕೃತ್ತು ತಿನ್ನುವುದನ್ನು ನೋಡಿ, ಮೆಟ್ಟಿಲಲ್ಲಿ ನನ್ನ ತೋಳು ಹಿಡಿದು ಪಿಸುಗುಟ್ಟಿದ: "ಆ ಅಡಿಸಾಲು ಮಾತ್ರ ಬದಲಿಸ್ಬೇಡಿ. ನನ್ನ ಮಾತಿಗೆ ಅದೊಂದೇ ಸಾಕ್ಷಿ ಉಳಿದಿರೋದು."

ಜ್ವರ ವಾಸಿಯಾಗಬಹುದು. ಈ ಜನ ವಾಸಿಯಾಗುವುದಿಲ್ಲ.

ನವೆಂಬರ್ ೨೧

ಆದದ್ದಾಯಿತು. ಕ್ರಮವಾಗಿ ಬರೆಯುತ್ತೇನೆ.

ಕಮಿಲ್ಲಾ ಮೀನಿಗೆ ಹೋಗಿದ್ದಳು. ನಾನು ಹಿಂದಿನ ಕೋಣೆಯಲ್ಲಿ ಕಾಗದ ನೆನೆಸುವವರಿಗೆ ಬೈಯುತ್ತಿದ್ದೆ. ಬಾಗಿಲು ಬಡಿದ ಸದ್ದು ಕೇಳಿ, ಯಾರೂ ತೆರೆಯದ್ದಕ್ಕೆ, ಮಾವ ಜ್ವರದ ನಂತರ ಮೊದಲ ಬಾರಿಗೆ ಗೋಡೆ ಹಿಡಿದು ಇಳಿದು ಬಂದು ತಾವೇ ಬಾಗಿಲು ತೆರೆದರು. ಹೊರಗೆ ಪಾದುವಾದ ಪುಸ್ತಕದಂಗಡಿಯ ಲುನಾರ್ಡೊ. ಕಪ್ಪು ನಿಲುವಂಗಿ, ಕೈಯಲ್ಲಿ ದೊಡ್ಡ ಮೇಣದ ಬತ್ತಿ. ಮಾವನ ಮುಖ ನೋಡಿ ಅವನು ಶಿಲುಬೆ ಗುರುತು ಹಾಕಿಕೊಂಡು ಹಿಂದೆ ಸರಿದ. ಇನ್ನೊಂದು ಹೆಜ್ಜೆ ಸರಿದಿದ್ದರೆ ಕಾಲುವೆ.

"ಯಾರು ಹೋದ್ರು ಲುನಾರ್ಡೊ?" ಎಂದು ಮಾವ ಕೇಳಿದ್ದು ನನಗೆ ಒಳಗೆ ಕೇಳಿಸಿತು.

"ನೀವೇ, ಮೆಸ್ಸರ್."

"ನಾನಾ? ಯಾರು ಹೇಳಿದ್ದು?"

"ಪುಸ್ತಕದಲ್ಲಿ ಅಚ್ಚಾಗಿದೆ."

ನಾನು ಓಡಿ ಬರುವಷ್ಟರಲ್ಲಿ ಲುನಾರ್ಡೊ ತನ್ನ ಜೋಳಿಗೆಯಿಂದ ಪುಸ್ತಕ ತೆಗೆದು ಕೊಟ್ಟಾಗಿತ್ತು. ಮಾವ ಹೊಸ್ತಿಲ ಮೇಲೇ ಕನ್ನಡಕ ಹಾಕಿಕೊಂಡರು. ಓದಿದರು. ಮತ್ತೆ ಓದಿದರು. ಬೆರಳಿನಿಂದ ಅಡಿಸಾಲನ್ನು ಸವರಿದರು.

ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"'ವಾರಸುದಾರರು' ನನ್ನ ಹೆಸರಿಗಿಂತ ದಪ್ಪ ಇದೆ" ಎಂದರು. "ಎರಡರ ಮಧ್ಯ ಜಾಗ ಬಿಟ್ಟಿಲ್ಲ. ಉಸಿರಾಡೋಕೆ ಆಗ್ತಿಲ್ಲ ಈ ಹೆಸರಿಗೆ." ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಅಷ್ಟು ಅವಸರ ಇತ್ತಾ, ಅಳಿಯಂದ್ರೇ?"

ಲುನಾರ್ಡೊ ಮೇಣದ ಬತ್ತಿಯನ್ನು ಎಲ್ಲಿಡಬೇಕೆಂದು ತಿಳಿಯದೆ ನನ್ನ ಕೈಗೆ ಕೊಟ್ಟ.

ನವೆಂಬರ್ ೨೨

ಮಾವ ಮಾತಾಡಲಿಲ್ಲ. ಕಮಿಲ್ಲಾಳೂ ಇಲ್ಲ. ಗಾಸ್ಪಾರೊ ಮಾತಾಡಿದ, ಅವನು ಮಾತಾಡದಿದ್ದರೇ ಚೆನ್ನಾಗಿತ್ತು.

ನವೆಂಬರ್ ೨೪

ನೋಟರಿಯನ್ನು ಕರೆಸಿದ್ದಾರೆ. ಬಾಗಿಲು ಹಾಕಿಕೊಂಡು ಬಹಳ ಹೊತ್ತು ಏನೋ ಬರೆಸಿದರು. ನೋಟರಿ ಹೋಗುವಾಗ ನನ್ನನ್ನು ನೋಡಿ ತುಟಿ ಬಿಗಿಹಿಡಿದು ಹೋದ. ವಿಚೆಂಜಾದ ಹುಡುಗನಿಗೆ ಶುಭವಾಗಲಿ. ಅವನಿಗೆ ಲ್ಯಾಟಿನ್ ಬರುವುದಿಲ್ಲ, ಕುದುರೆ ಬರುತ್ತದಂತೆ. ಕುದುರೆಯ ಮೇಲೆ ಕೂತು ಕರಡು ತಿದ್ದಲಿ.

ಕಮಿಲ್ಲಾಳಿಗೆ ಹೇಳಿದೆ: "ನಾವು ಪಾದುವಾಕ್ಕೆ ಹೋಗೋಣ. ಅಲ್ಲಿ ಕಾಲೇಜಿನಲ್ಲಿ ನನ್ನನ್ನ ಬಲ್ಲವರಿದ್ದಾರೆ."

"ಅಲ್ಲಿ ನಮ್ಮಪ್ಪ ಸತ್ತಿದ್ದಾರೆ" ಎಂದಳು. "ನಾನು ಅವರು ಬದುಕಿರೋ ಊರಲ್ಲೇ ಇರ್ತೀನಿ."

ನವೆಂಬರ್ ೨೭

ಮಾವ ಕೆಳಗೆ ಬಂದು ಮೊಳೆಪೆಟ್ಟಿಗೆಯ ಪಕ್ಕ ಸ್ಟೂಲ್ ಹಾಕಿಸಿಕೊಂಡು ಕೂತರು. ಫಂತಿನ್ ಹತ್ತಿರ ಅವರೇ ಮಾತಾಡಿದ್ದಾರೆ. ಅವರೆದುರು ಅವನ ಅಂಜೂರ ಮುದುಡಿಕೊಂಡಿದೆ. ಇಲ್ಲಿ ಉಳಿದಿರುವ ಪುಸ್ತಕಗಳಿಗೆ ಹೊಸ ಮುಖಪುಟ ಆಗಬೇಕು. ಗಾಸ್ಪಾರೊ ಕೈ ಹಾಕಲು ಹೋದ.

"ನೀನು ಬಿಡು. ಸಾಯ್ಸಿದವರೇ ಬದುಕಿಸ್ಲಿ" ಎಂದರು ಮಾವ.

ನಾನು ತಿದ್ದುವವನು, ಜೋಡಿಸುವವನಲ್ಲ. ಪಾದುವಾದಲ್ಲಿ ಮೂರು ಭಾಷೆಗಳ ವ್ಯಾಕರಣ ಕಲಿಸಿದರು, ಸೀಸದ ತುಂಡನ್ನು ತಲೆಕೆಳಗಾಗಿ ಓದುವುದನ್ನು ಯಾರೂ ಕಲಿಸಲಿಲ್ಲ. ಒಂದು ಸಾಲಿಗೆ ಬೆಳಗೆಲ್ಲ ಹೋಯಿತು. ಬಿಗಿ ಸಾಲದೆ ಅಕ್ಷರಗಳು ಜಾರಿ ನನ್ನ ಚಪ್ಪಲಿಯ ಮೇಲೆ ಬಿದ್ದವು.

"ನಿಮ್ಮ ಕಾಲಿಗೂ ಓದೋಕೆ ಬರುತ್ತಾ ಅಳಿಯಂದ್ರೇ? ಕಾಲೇಜಿನವರಲ್ವಾ."

"ಸಣ್ಣ ಅಚ್ಚಿನಲ್ಲಿ ಏನು ವ್ಯತ್ಯಾಸ ಆಗುತ್ತೆ ಮಾವ? ಯಾರು ಓದ್ತಾರೆ ಇದನ್ನ?"

"ಓದೋಕಲ್ಲ ಇದಿರೋದು. ಪುಸ್ತಕದಲ್ಲಿ ತಪ್ಪಿದ್ರೆ ಯಾರನ್ನ ಬೈಬೇಕು ಅಂತ ಹೇಳೋಕೆ. ಬರೆದವನು ಪಾದುವಾದಲ್ಲಿ ತಲೆ ಮರೆಸ್ಕೊಂಡಿರ್ತಾನೆ, ಮಾರೋವನು ನಾನು ಬರೀ ಮಾರೋವನು ಅಂತಾನೆ. ಬೈಸ್ಕೊಳ್ಳೋಕೆ ಒಬ್ಬ ಬೇಕಲ್ಲ, ಅದು ನಾನು. ನೀವು ಬೈಗುಳನ ವಾರಸುದಾರರಿಗೆ ಕಳಿಸಿಬಿಟ್ರಿ. ವಾರಸುದಾರರು ಅಂದ್ರೆ ಯಾರು? ಯಾರ ಬಾಗಿಲು ಬಡೀಬೇಕು?"

ಉತ್ತರಾಧಿಕಾರಿ ಎಂದರೆ ಎಲ್ಲದಕ್ಕೂ ಉತ್ತರ ಹೇಳಬೇಕಾದ ಅಧಿಕಾರಿ ಎಂದು ಒಂದು ಮಾತು ಬಾಯಿಗೆ ಬಂದಿತ್ತು. ನುಂಗಿಕೊಂಡೆ. ಜೋಡಿಸಿ ಬಿಟ್ಟ ಸಾಲನ್ನು ಅವರು ಕಿತ್ತು ಹಾಕಿ ಮತ್ತೆ ಮಾಡಿ ಎಂದಿದ್ದಾರೆ. ಬೆರಳ ತುದಿಗಳೆಲ್ಲ ಕಪ್ಪು. ಸೋಪಿಗೂ ಹೋಗುವುದಿಲ್ಲ.

ಡಿಸೆಂಬರ್ ೪

ಹೊಸ ಮುಖಪುಟ ಆಯಿತು. ಕೊನೆಗೂ. ಬೋರ್ತೊಲೊ ರಿಚ್ಚೊ ಅವರ ಅಚ್ಚುಕೂಟದಲ್ಲಿ, ಮೆಸ್ಸರ್ ಫಂತಿನ್ ಅವರ ಖರ್ಚಿನಲ್ಲಿ, ಅಂಜೂರದ ಗುರುತಿನ ಅಂಗಡಿಯಲ್ಲಿ ದೊರೆಯುತ್ತದೆ. ಮಾವ ಕನ್ನಡಕ ಹಾಕಿ ನೋಡಿ, "ಬದುಕಿದಾರೆ ಅನ್ನಬಹುದು. ಆರೋಗ್ಯ ಸಾಲದು" ಎಂದರು. ಹೊಗಳಿಕೆ ಎಂದೇ ತೆಗೆದುಕೊಂಡಿದ್ದೇನೆ.

ಪಾದುವಾಕ್ಕೆ ಹೋದವು ಹೋದವೇ. ಆ ಕಡೆಯ ನದಿಯ ದಡದಲ್ಲಿ ಮಾವ ಸತ್ತಿದ್ದಾರೆ, ಈ ಕಡೆಯ ಕಾಲುವೆಯ ದಡದಲ್ಲಿ ಬದುಕಿದ್ದಾರೆ. ಇನ್ನೂರು ವರ್ಷ ಬಿಟ್ಟು ಯಾರಾದರೂ ಎರಡೂ ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಅವರಿಗೂ ಒಂದು ಜ್ವರ ಬರಲಿ.

ಇಷ್ಟಕ್ಕೇ ನನ್ನನ್ನು ಬಿಡುತ್ತಾರೆಂದುಕೊಂಡಿದ್ದೆ. ಮುಂದಿನ ಪುಸ್ತಕ, ಬಟ್ಟೆಗೆ ಬಣ್ಣ ಹಾಕುವವರ ಕೈಪಿಡಿ, ಅದಕ್ಕೂ ನಾನೇ ಗಾಸ್ಪಾರೊನ ಪಕ್ಕ ನಿಂತು ಜೋಡಿಸಬೇಕಂತೆ. ವಿಚೆಂಜಾದವನಿಗೆ ಹೋಗುವ ಅಚ್ಚುಕೂಟದಲ್ಲಿ ನನಗೆ ಪಾಠ. ಗಾಯದ ಮೇಲೆ ಉಪ್ಪು. ಈ ಸಲ ಉಪ್ಪು ಕಡಿಮೆ ಎನ್ನುವವರು ಯಾರೂ ಇಲ್ಲ.

ಡಿಸೆಂಬರ್ ೧೩

ನೀರು ಏರಿ ಅಚ್ಚುಕೂಟದೊಳಗೆ ಬಂದಿದೆ. ಕಾಗದವನ್ನೆಲ್ಲ ಮಹಡಿಗೆ ಸಾಗಿಸಿದ್ದಾಯಿತು. ಮಾವ ಮೆಟ್ಟಿಲ ಮೇಲೆ ಕೂತು ದೊರೆಯ ಹಾಗೆ ಅಪ್ಪಣೆ ಕೊಡುತ್ತಿದ್ದರು.

"ಅದನ್ನ ಮೊದಲು ಎತ್ತಿ. ಅಯ್ಯೋ, ಅದಲ್ಲ, ಅದು ಈಗಾಗ್ಲೇ ಒದ್ದೆ ಆಗಿರೋದು. ನೀವು ಯಾವಾಗ್ಲೂ ಮುಳುಗಿದ್ದನ್ನೇ ಹಿಡ್ಕೋತೀರಿ."

"ನಿಮ್ಮನ್ನೂ ಹಿಡ್ಕೊಂಡಿದ್ದೀನಲ್ಲ ಮಾವ."

ಅವರಿಗೆ ನಕ್ಕು ನಕ್ಕು ಕೆಮ್ಮು ಬಂತು. ಕೆಮ್ಮು ನಿಲ್ಲಲಿಲ್ಲ. ಕೊನೆಗೆ ಬೆನ್ನ ಮೇಲೆ ಹೊತ್ತು ಮೇಲೆ ಕರೆದುಕೊಂಡು ಹೋದೆ. ಮನುಷ್ಯ ಏನೂ ಭಾರವಿಲ್ಲ, ಅದು ನನಗೆ ಸಿಟ್ಟು ತರಿಸಿತು. ಊಟ ಸರಿಯಾಗಿ ಮಾಡುವುದಿಲ್ಲ. ಹುಳಿ ಹಾಕಿದ ಮೀನಿನಲ್ಲಿ ಮುಳ್ಳಿದೆ ಎಂದು ಬದಿಗೆ ಸರಿಸುತ್ತಾರೆ. ಮುಳ್ಳು ಬಿಡಿಸಿ ಬಿಡಿಸಿ ಇಡುವುದರಲ್ಲಿ ನನ್ನ ಊಟ ತಣ್ಣಗಾಯಿತು. ಕಮಿಲ್ಲಾ ನೋಡುತ್ತಿದ್ದಳು, ಸಹಾಯಕ್ಕೆ ಬರಲಿಲ್ಲ. ಸುಮ್ಮನೆ ಸಾರು ಬಿಸಿ ಮಾಡಿ ನನ್ನ ಮುಂದಿಟ್ಟಳು.

ಡಿಸೆಂಬರ್ ೧೯

ಅವರು ಈಚೆಗೆ ದಿನಕ್ಕೊಂದು ಹಳೆಯ ಜಗಳದ ಕತೆ ಹೇಳುತ್ತಾರೆ. ಕೆಲಸವೇ ಸಾಗುವುದಿಲ್ಲ. ಇಂದಿನದು: ಇಬ್ಬರು ವ್ಯಾಪಾರಿಗಳು ಪಾಲಿನಲ್ಲಿ ಹಾಕಿಸಿದ ಪುಸ್ತಕ, ಯಾರ ಹೆಸರು ಮೊದಲು ಎಂಬ ಜಗಳ. ಮಾವ ಅಚ್ಚಿನ ನಡುವೆ ಯಂತ್ರ ನಿಲ್ಲಿಸಿ, ಅರ್ಧ ಹಾಳೆಗಳಲ್ಲಿ ಒಬ್ಬನದು, ಉಳಿದರ್ಧದಲ್ಲಿ ಇನ್ನೊಬ್ಬನದು ಮೊದಲು ಹಾಕಿ ಇಬ್ಬರಿಗೂ ಅವರವರದನ್ನೇ ತೋರಿಸಿದರಂತೆ. ಇಬ್ಬರೂ ಖುಷಿಯಾಗಿ ಸತ್ತರಂತೆ.

"ಅದು ಮೋಸ ಅಲ್ವಾ ಮಾವ?"

"ಇಬ್ಬರನ್ನೂ ಬದುಕಿದ್ದಾಗ ಬದುಕಿದ್ದಾರೆ ಅಂತ್ಲೇ ಹಾಕಿದೀನಿ."

ನಾಳೆ ಅವರ ಬಾಯಿಗೆ ಬೀಗ ಹಾಕಿಸುತ್ತೇನೆ. ನಾಳೆಯದು ಯಾವುದೋ ಕಳ್ಳ ಅಚ್ಚಿನ ಕತೆಯಂತೆ, ಊರಿನ ಹೆಸರನ್ನೇ ಸುಳ್ಳು ಹಾಕಿದ್ದಂತೆ. ಅದು ಕೇಳಿದ ಮೇಲೆ ಹಾಕಿಸುತ್ತೇನೆ.

ಜನವರಿ ೬

ಮೂರು ರಾಜರ ಹಬ್ಬ. ಮಾವ ಒಂದು ಲೋಟ ಮಲ್ವಸಿಯಾ ದ್ರಾಕ್ಷಾಮದ್ಯ ಕುಡಿದು ಕೆನ್ನೆ ಕೆಂಪಾಗಿ ಕೂತಿದ್ದರು. ನಾನು ಇನ್ನು ತಡೆಯಲಾರದೆ ಕೇಳಿಯೇಬಿಟ್ಟೆ.

"ನೋಟರಿ ಹತ್ರ ಏನು ಬರೆಸಿದ್ರಿ ಮಾವ? ವಿಚೆಂಜಾಕ್ಕೆ ಅಚ್ಚುಕೂಟ ಹೋಗೋದಾದ್ರೆ ಮೊದಲೇ ಹೇಳಿ. ಬಣ್ಣದ ಪುಸ್ತಕ ಮುಗಿಸಿಕೊಟ್ಟೇ ಹೋಗ್ತೀನಿ, ಅರ್ಧಕ್ಕೆ ಬಿಡೋದಿಲ್ಲ."

ಮಾವ ಕಣ್ಣರಳಿಸಿದರು. "ಉಯಿಲು ಅಂದ್ಕೊಂಡ್ರಾ? ಇಷ್ಟು ದಿನಾನೂ?"

"ಮತ್ತೇನು?"

"ನಾನು ಬದುಕಿದೀನಿ ಅಂತ ಬರೆಸಿದ್ದು. ಪಾದುವಾದವರು ನನ್ನ ಹೆಸರಲ್ಲಿ ಸರಕೇ ಕಳಿಸ್ತಿರ್ಲಿಲ್ಲ, ಸತ್ತವರ ಜೊತೆ ವ್ಯವಹಾರ ಮಾಡೋದಿಲ್ಲ ಅಂದ್ರು. 'ಬೋರ್ತೊಲೊ ರಿಚ್ಚೊ ನನ್ನ ಕಣ್ಣೆದುರು ಕೂತಿದ್ದಾರೆ, ಮಾತಾಡುತ್ತಿದ್ದಾರೆ' ಅಂತ ನೋಟರಿ ಬರ್ಕೊಟ್ಟ. 'ಅತಿಯಾಗಿ ಮಾತಾಡುತ್ತಿದ್ದಾರೆ' ಅಂತ ಬರೀ ಅಂದೆ, ಅದಕ್ಕೆ ನಗು ತಡ್ಕೊಂಡು ಹೋದ." ಲೋಟ ಕೆಳಗಿಟ್ಟರು. "ಅಚ್ಚುಕೂಟ ನಿಮ್ಮದೇ. ಯಾವತ್ತೂ ಬದಲಿಸಿಲ್ಲ. ವಿಚೆಂಜಾದ ಹುಡುಗ ಬರೀ ಹೆದರ್ಸೋಕೆ. ಅವನಿಗೇ ಗೊತ್ತಿಲ್ಲ ಪಾಪ."

ಕಮಿಲ್ಲಾ ಒಲೆಯ ಕಡೆ ಮುಖ ಮಾಡಿ ಭುಜ ಕುಲುಕಿಸಿ ನಗುತ್ತಿದ್ದಳು. ಇವಳಿಗೂ ಗೊತ್ತಿತ್ತು. ಒಂದೂವರೆ ತಿಂಗಳು ವಿಚೆಂಜಾದ ಕುದುರೆ ತೋರಿಸಿ ನನ್ನನ್ನು ಹೆದರಿಸಿದರು ಈ ತಂದೆ ಮಗಳು.

"ಬಣ್ಣದ ಪುಸ್ತಕಕ್ಕೆ 'ಬೋರ್ತೊಲೊ ರಿಚ್ಚೊ ಮತ್ತು ವೆಟ್ಟೋರ್' ಅಂತ ಹಾಕೋಣ" ಎಂದರು ಮಾವ. "ಬೈಸ್ಕೊಳ್ಳೋಕೆ ಇಬ್ಬರು ಆಗ್ತೀವಿ."

ಸಾಲು ಉದ್ದವಾಗುತ್ತದೆ, ಮುಂದಿನ ಪುಸ್ತಕಕ್ಕೆ ನೋಡೋಣ ಎಂದೆ. ನಿಜವಾಗಿಯೂ ಉದ್ದವಾಗುತ್ತದೆ.

ಜನವರಿ ೨೧

ಮತ್ತೆ ಜ್ವರ. ಪಂಡೊಲ್ಫೊನನ್ನು ಕರೆಯಬೇಡಿ ಎಂದಿದ್ದಾರೆ. ಬೇರೆ ವೈದ್ಯ ಬಂದು ಜೀವಕ್ಕೇನೂ ಆಗುವುದಿಲ್ಲ ಎಂದ. ಇವನಾದರೂ ಸರಿಯಾಗಿ ಹೇಳಿರಲಿ.

ಜನವರಿ ೨೬

ಬೆಳಿಗ್ಗೆ. ಕಮಿಲ್ಲಾ ಅವರ ಕೈ ಹಿಡಿದುಕೊಂಡಿದ್ದಳು. ನಾನು ಸಾರು ತರಲು ಕೆಳಗೆ ಹೋಗಿದ್ದೆ.

ಫೆಬ್ರವರಿ ೩

ಅಂತ್ಯಕ್ರಿಯೆಗೆ ಪಾದುವಾದಿಂದ ಲುನಾರ್ಡೊ ಬರಲಿಲ್ಲ. "ನಾನಾಗ್ಲೇ ಬಂದು ಹೋಗಿದ್ದೆ" ಎಂದು ಹೇಳಿಕಳಿಸಿದ.

ಫೆಬ್ರವರಿ ೭

ಬೀದಿಯಲ್ಲಿ ಕಾರ್ನಿವಲ್. ಮುಖವಾಡದವರು 'ಏನ್ ಗುರುವೇ' ಎಂದು ಕಿಟಕಿ ಬಡಿದು ಮೊಟ್ಟೆ ಎಸೆಯುತ್ತಾರೆ. ಬಣ್ಣದ ಪುಸ್ತಕದ ಮೈ ಅಚ್ಚಾಗಿ ಮುಗಿದಿದೆ, ಮುಖ ಮಾತ್ರ ಬಾಕಿ. ಇದಕ್ಕೂ ಫಂತಿನ್‌ನದೇ ಖರ್ಚು. ಎರಡು ಸಲ ಬಂದು ಹೋದ.

"ಇನ್ನೇನು ತಡ? ಈ ಸಲ ಯಾವ ತಕರಾರೂ ಇಲ್ಲ. ಪದ್ಧತಿ ಪ್ರಕಾರ 'ವಾರಸುದಾರರ ಅಚ್ಚುಕೂಟದಲ್ಲಿ', ಮುಗೀತು. ನಿಮಗೆ ಅಭ್ಯಾಸವೂ ಇದೆ."

ಕಾಗದ ತೇವವಾಗಿದೆ ಎಂದೆ. ಕಾಗದ ತೇವವಾಗಿಯೇ ಇದೆ. ಈ ಊರಲ್ಲಿ ಯಾವ ಕಾಗದ ಒಣಗಿರುತ್ತದೆ.

ಫೆಬ್ರವರಿ ೧೧

ಕೆಲಸ ಸಾಗುತ್ತಿಲ್ಲ. ಶಾಯಿ ಬಿಸಿಯಾಗದೆ ಗಟ್ಟಿಯಾಗಿದೆ. ಯಂತ್ರ ಎಳೆಯುವವನಿಗೆ ಹಬ್ಬದ ಅಮಲಿಳಿದಿಲ್ಲ. ಮುಳ್ಳುಹಂದಿಯ ಮರದ ಅಚ್ಚು ಒಂದು ಕಡೆ ಸವೆದಿದೆ, ಅದನ್ನು ಸರಿಮಾಡಿಸದೆ ಹೇಗೆ ಒತ್ತುವುದು? ಗಾಸ್ಪಾರೊ ಹಾಳೆ ಜೋಡಿಸುತ್ತೇನೆ ಎಂದು ಬಂದ. ಅವನು ಪದಗಳ ನಡುವೆ ಜಾಗ ಬಿಡುವುದಿಲ್ಲ, ಬೇಡ ಎಂದು ಕಳಿಸಿದೆ. ಎಷ್ಟು ಹೇಳಿದರೂ ಇವರಿಗೆ ತಲೆಗೆ ಹೋಗುವುದಿಲ್ಲ, ಹೆಸರಿಗೆ ಉಸಿರಾಡಲು ಜಾಗ ಬೇಕು.

"ನೀವೇ ಜೋಡ್ಸಿ ಹಾಗಾದ್ರೆ" ಎಂದಳು ಕಮಿಲ್ಲಾ.

"ಜೋಡಿಸ್ತೀನಿ. ಆ ವಾರಸುದಾರರ ಪದಕ್ಕೆ ಸರಿಯಾದ ಅಳತೆ ಅಕ್ಷರ ಸಿಗ್ತಿಲ್ಲ."

ಅವಳು ಮೊಳೆಪೆಟ್ಟಿಗೆಯ ಕಡೆ ನೋಡಿದಳು. ತುಂಬಿ ತುಳುಕುತ್ತಿತ್ತು. ಮೇಲೆ ಹೋದಳು. ಈ ಮನೆಯಲ್ಲಿ ಕಷ್ಟ ಹೇಳಿಕೊಂಡರೆ ಕೇಳುವವರೇ ಇಲ್ಲ.

ಫೆಬ್ರವರಿ ೧೭

ಫಂತಿನ್ ಹೊಸ್ತಿಲಲ್ಲೇ ನಿಂತು ಕೂಗಾಡಿದ್ದಕ್ಕೆ ಇಂದು ಕೂತು ಜೋಡಿಸಿ ಮುಗಿಸಿದೆ. ಅವನ ಹೆಸರನ್ನು ಎರಡನೆಯ ಸಾಲಿನಲ್ಲಿ ಹಾಕಿದ್ದೇನೆ, ಅಂಜೂರ ದಪ್ಪಗಿದೆ, ಇನ್ನೇನು ಬೇಕು? ಮೊದಲ ಒದ್ದೆ ಹಾಳೆ ತೆಗೆದು ಅವನ ಕೈಗೆ ಕೊಟ್ಟೆ. ಬಾಯಿ ಬಿಟ್ಟುಕೊಂಡು ಓದಿದ.

"ಬೋರ್ತೊಲೊ ರಿಚ್ಚೊ ಅವರ ಅಚ್ಚುಕೂಟದಲ್ಲಿ. ಅಷ್ಟೇನಾ? ವೆಟ್ಟೋರ್, ಬದುಕಿದ್ದಾಗ ಸತ್ತರು ಅಂತ ಅಚ್ಚು ಹಾಕಿದ್ರಿ. ಈಗ ಸತ್ತಮೇಲೆ ಬದುಕಿದಾರೆ ಅಂತ ಹಾಕ್ತಿದೀರಿ. ನಿಮ್ಮ ಅಚ್ಚುಕೂಟಕ್ಕೆ ಯಾರಾದ್ರೂ ಒಂದು ಪಂಚಾಂಗ ತಂದ್ಕೊಡಿ."

ಅವನಿಗೆ ಕಸುಬು ತಿಳಿಯದು, ತಿಳಿಸಿ ಹೇಳುವ ತಾಳ್ಮೆ ನನಗಿಲ್ಲ. ಇದು ಚಿಕ್ಕ ಪುಸ್ತಕ, ಪುಟ ಕಿರಿದು. ಆ ಪದವನ್ನು ಸೇರಿಸಬೇಕಾದರೆ ಮಾವನವರ ಹೆಸರನ್ನು ಸಣ್ಣ ಅಕ್ಷರಕ್ಕೆ ಇಳಿಸಬೇಕಾಗುತ್ತಿತ್ತು. ಮೂರು ಬಗೆಯಲ್ಲಿ ಜೋಡಿಸಿ ನೋಡಿದೆ, ಹಿಡಿಸಲಿಲ್ಲ. ಇಷ್ಟಕ್ಕೆ ಇಷ್ಟು ರಂಪ.

ನಾಳೆ ಉಳಿದ ಹಾಳೆಗಳನ್ನು ಒತ್ತಿ ಮುಗಿಸಬೇಕು. ಮುಂದಿನ ಪುಸ್ತಕವೂ ಹೀಗೇ ಕಿರಿದಾದ ಪುಟದ್ದು. ಅದರ ಮುಂದಿನದೂ ಹಾಗೇ ಮಾಡಬೇಕೆಂದಿದ್ದೇನೆ.